ಹತ್ತು ಗಂಟೆಯ ಗುಡ್ಡ

ಧಾರಾವಿ
೧೬ ಜನವರಿ ೨೦೨೫, ಗುರುವಾರ

ಮುದ್ದಿನ ಮಗಳು ಸೋನಾಲಿಗೆ ನಿನ್ನ ಅವ್ವ ಭಾಗವ್ವ ಮನಸ್ಸು ತುಂಬಿ ಮಾಡುವ ಆಶೀರ್ವಾದ.

ನೀವೆಲ್ಲ ನೆಟ್ಟಗಿದ್ದೀರಿ ಎಂದು ನಿನ್ನೆ ಫೋನಿನಲ್ಲೇ ಕೇಳಿದ್ದೇನೆ. ಆದರೂ ಕಾಗದ ಎಂದ ಮೇಲೆ ಅಷ್ಟು ಬರೆಯದೆ ಕೈ ಮುಂದೆ ಹೋಗುವುದಿಲ್ಲ. ಇಲ್ಲಿ ನಾನು, ನಿನ್ನ ಅಪ್ಪ ಇದ್ದೇವೆ. ಅವರಿಗೆ ಎಡಗಿವಿ ಪೂರ್ತಿ ಹೋಗಿದೆ. ನಾನು ಬೈಯಲು ಶುರು ಮಾಡಿದರೆ ಆ ಕಿವಿಯನ್ನೇ ನನ್ನ ಕಡೆ ತಿರುಗಿಸಿ ಕೂಡುತ್ತಾರೆ.

ಮಾಹಿಮ್‌ನಲ್ಲಿ ಲೋಕಲ್ ರೈಲು ಹತ್ತಿದರೆ ನೀನಿರುವ ವಿಲೆ ಪಾರ್ಲೆ ಇಪ್ಪತ್ತು ನಿಮಿಷ. ಅಷ್ಟು ದೂರಕ್ಕೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನೀನು ನಗುತ್ತಿರಬಹುದು. ನಗು. ಫೋನಿನಲ್ಲಿ ನೀನು ಯಾವಾಗ ಬರುತ್ತೀ ಎಂದ ಕೂಡಲೇ ನಾನು ಹಲೋ ಹಲೋ, ಏನೂ ಕೇಳವಲ್ದು ಎಂದು ಕತ್ತರಿಸುತ್ತೇನಲ್ಲ, ಅದು ನೆಟ್‌ವರ್ಕ್ ಅಲ್ಲ, ನಾನೇ. ಅದೂ ಅಲ್ಲದೆ ನೀನು ಯಾವಾಗಲೂ ಸ್ಪೀಕರ್ ಹಾಕುತ್ತೀ. ಇದು ಸ್ಪೀಕರಿನಲ್ಲಿ ಹೇಳುವ ಮಾತಲ್ಲ. ಭಾನುವಾರ ನಿನ್ನ ಗಂಡ ಶ್ರೀಮಂತ ನನ್ನನ್ನು ಕರೆಯಲು ಬಂದಾಗ ಅವನ ಕೈಯಲ್ಲೇ ಕೊಡುತ್ತೇನೆ. ಅವನು ಕಲಿತದ್ದು ಮರಾಠಿ ಶಾಲೆಯಲ್ಲಿ, ಹಾದಿಯಲ್ಲಿ ಒಡೆದು ನೋಡಿದರೂ ಅವನಿಗೆ ಏನೂ ತಿಳಿಯುವುದಿಲ್ಲ. ನಾನು ಓದಿದ ಮುನ್ಸಿಪಾಲ್ಟಿ ಕನ್ನಡ ಶಾಲೆಗೇ ನಿನ್ನನ್ನೂ ಹಾಕಿದ್ದಕ್ಕೆ ನೀನು ಎಷ್ಟು ಜಗಳ ತೆಗೆದಿದ್ದೆ, ನೆನಪಿದೆಯೇ? ಇವತ್ತು ಅದು ಕೆಲಸಕ್ಕೆ ಬಂತು.

ಮೊದಲು ತಪ್ಪೊಪ್ಪಿಕೊಳ್ಳುತ್ತೇನೆ. ನಿನ್ನ ಮಗಳು ಹುಟ್ಟಿ ಇವತ್ತಿಗೆ ಮೂವತ್ತೇಳು ದಿನ. ಅಷ್ಟು ದಿನವೂ ನಿನ್ನ ಬಾಣಂತನಕ್ಕೆ ನಾನು ಬರಲಿಲ್ಲ. ಹುಟ್ಟಿದ ದಿನ ಆಸ್ಪತ್ರೆಗೆ ಬಂದವಳು ವಾರ್ಡಿನ ಬಾಗಿಲಲ್ಲೇ ನಿಂತು, ನೆಗಡಿ ಆಗಿದೆ, ಹತ್ತಿರ ಬರುವುದಿಲ್ಲ ಎಂದೆ. ನನಗೆ ನೆಗಡಿ ಇರಲಿಲ್ಲ. ಮೂವತ್ತು ವರ್ಷ ಧಾರಾವಿ, ಸಯನ್, ಮಾಟುಂಗಾ ಎಂದು ಮನೆ ಮನೆ ಸುತ್ತಿ ಜನರ ಕೂಸುಗಳಿಗೆ ಎಣ್ಣೆ ತಿಕ್ಕಿ ಎರೆದವಳು ತನ್ನ ಮೊಮ್ಮಗಳನ್ನು ಮುಟ್ಟದೆ ಹೋದಳು. ನೀನು ಮುಖ ಗೋಡೆ ಕಡೆ ಮಾಡಿ ಮಲಗಿದೆ. ಆದರೂ ಒಳಗೆ ಬರಲಿಲ್ಲ.

ಮರುದಿನ ನೀನು ಫೋನ್ ಮಾಡಿ, ಕೂಸಿಗೆ ಹೊಗೆ ಹಾಕಲು ಕೆಂಡದ ಶೆಗಡಿ ಕಳಿಸು ಎಂದೆ. ಆಗ ನಾನು, ಹೆಣ್ಣು ಕೂಸಿಗೆ ಮೊದಲ ತಿಂಗಳು ಲೋಬಾನದ ಹೊಗೆ ಹಾಕಬಾರದು, ಹಾಕಿದರೆ ಹೆರಳು ಇಳಿಯುವುದಿಲ್ಲ ಎಂದು ಹೇಳಿದೆನಲ್ಲ, ಅಂಥ ಶಾಸ್ತ್ರ ಯಾವ ಊರಲ್ಲೂ ಇಲ್ಲ. ಆ ಗಳಿಗೆಯಲ್ಲಿ ನಾನು ಹೊಸೆದ ಸುಳ್ಳು. ಎರೆಯುವ ಭಾಗವ್ವನೇ ಹೇಳಿದ ಮೇಲೆ ಯಾರು ಇಲ್ಲ ಎನ್ನುತ್ತಾರೆ, ನೀನೂ ನಂಬಿದೆ. ಹಾಗೆ ಒಂದು ತಿಂಗಳು ತಳ್ಳಿದೆ.

ಈಗ ಆ ತಿಂಗಳು ಮುಗಿಯಿತು. ನಿನ್ನೆ ನೀನು ಹೇಳಿದ ಮಾತು ಕಿವಿಯಲ್ಲೇ ಇದೆ: "ಅವ್ವಾ, ಐತವಾರ ನೀನೂ ಬಾ, ಶೆಗಡಿನೂ ತಗೊಂಡು ಬಾ. ಕೂಸಿಗಿ ಸಣ್ಣಗ ಕೆಮ್ಮ ಹತ್ಯದ." ನಾನು ಏನೆಂದೆ? ಮೊದಲು ಡಾಕ್ಟರಿಗೆ ತೋರಿಸು, ಐತವಾರದವರೆಗೆ ಬೇರೆ ಯಾರ ಶೆಗಡಿಯನ್ನೂ ಮನೆಯೊಳಗೆ ತರಬೇಡ, ನಮ್ಮ ಮನೆತನದ್ದೇ ಆಗಬೇಕು ಎಂದೆ. ಫೋನ್ ಇಟ್ಟೆ. ನಿನ್ನ ಅಪ್ಪ ಬಲಗಿವಿಯಿಂದ ಎಲ್ಲ ಕೇಳಿಸಿಕೊಂಡಿದ್ದರು. ಅವರು ನನ್ನ ಕಡೆ ನೋಡದೆಯೇ ಹೇಳಿದರು: "ಹೇಳಿಬಿಡು. ಹೇಳಿದ್ರ ಮಗಳು ಕೈಬಿಟ್ಟು ಹೋಗಬಹುದು. ಹೇಳದಿದ್ರ ಕೂಸು ಹೋಗ್ತದ."

ಅದಕ್ಕೇ ಕೂತಿದ್ದೇನೆ. ಸೀದಾ ಹೇಳಲು ಬಾಯಿ ಬರುವುದಿಲ್ಲ, ಸುತ್ತಿ ಬಳಸಿ ಬರುತ್ತೇನೆ. ನೀನು ಪೂರ್ತಿ ಓದು, ನಡುವೆ ಎಸೆಯಬೇಡ.

೧೭ ಜನವರಿ, ಶುಕ್ರವಾರ

ನಿನ್ನೆ ಬರೆಯುತ್ತ ಕೂತು ಬೇಳೆ ಹೊತ್ತಿಸಿದೆ. ನಿನ್ನ ಅಪ್ಪ ಬೈಯದೆ ಮೊಸರನ್ನ ಉಂಡರು. ಅಷ್ಟು ಒಳ್ಳೆಯತನ ಅವರಲ್ಲಿ ಕಂಡರೆ ನನಗೆ ಹೆದರಿಕೆ ಆಗುತ್ತದೆ.

ಇನ್ನು ಮುಂದೆ ಬರೆಯುವುದರಲ್ಲಿ ಅರ್ಧ ನಿನಗೆ ಗೊತ್ತಿದೆ. ಗೊತ್ತಿದ್ದರೂ ಬರೆಯುತ್ತೇನೆ, ಯಾಕೆಂದರೆ ಅದನ್ನು ಬಿಟ್ಟರೆ ಮಿಕ್ಕ ಅರ್ಧ ನಿಲ್ಲುವುದಿಲ್ಲ. ಈ ಶೆಗಡಿ ನನ್ನ ಅವ್ವ ಮಲ್ಲವ್ವನದು. ಮೂರು ಕಾಲಿನ ಕಬ್ಬಿಣದ್ದು. ಕಲಬುರ್ಗಿ ಕಡೆಯಿಂದ ಹೊಟ್ಟೆಪಾಡಿಗೆ ಮುಂಬಯಿಗೆ ಬರುವಾಗ ಒಂದು ಗಂಟಿನಲ್ಲಿ ಬಟ್ಟೆ, ಇನ್ನೊಂದರಲ್ಲಿ ಇದನ್ನು ಕಟ್ಟಿಕೊಂಡು ಬಂದಿದ್ದಳು. ಕೂಸಿಗೆ ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಮೈ ಒರೆಸಿ, ಕೆಂಡದ ಮೇಲೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಆ ಹೊಗೆಯಲ್ಲಿ ಕೂಸನ್ನು ಹಿಂದೆ ಮುಂದೆ ಆಡಿಸಬೇಕು. ಥಂಡಿ ಹೋಗುತ್ತದೆ, ದೃಷ್ಟಿ ಹೋಗುತ್ತದೆ, ಕೂಸು ಕಣ್ಣು ಮುಚ್ಚಿ ನಿದ್ದೆ ಹೋಗುತ್ತದೆ. ಊರಲ್ಲಿ ಇದನ್ನು ಅಂಗಳದಲ್ಲಿ, ಹಿತ್ತಿಲ ಬಾಗಿಲು ತೆರೆದು ಮಾಡುತ್ತಿದ್ದರು. ಇಲ್ಲಿ ಅಂಗಳ ಎಲ್ಲಿಂದ ತರುವುದು? ಹತ್ತಕ್ಕೆ ಹತ್ತರ ಖೋಲಿಯಲ್ಲಿ ಮಾಡಿದೆವು. ಮೂವತ್ತು ವರ್ಷದಲ್ಲಿ ನಾನು ಹೊಗೆ ಹಾಕಿದ ಕೂಸುಗಳು ಮುನ್ನೂರರ ಮೇಲಿವೆ. ಒಂದಕ್ಕೂ ಏನೂ ಆಗಿಲ್ಲ ಎಂದು ಗಲ್ಲಿಯಲ್ಲೆಲ್ಲ ಎದೆ ತಟ್ಟಿ ಹೇಳುತ್ತಿದ್ದೆ. ಜಂಬ ಅಂದರೆ ಜಂಬ.

ನಮ್ಮ ಅಮೋಲ್ ಹುಟ್ಟಿದ್ದು ೨೦೨೨ರ ನವೆಂಬರ್ ಎರಡಕ್ಕೆ. ಆಗ ನೀವಿಬ್ಬರೂ ಇಲ್ಲೇ ನಮ್ಮ ಜೊತೆ ಇದ್ದಿರಿ. ಆ ಚಳಿಗಾಲ ಬೆಳಿಗ್ಗೆ ಎದ್ದರೆ ಎದುರಿನ ಬಿಲ್ಡಿಂಗು ಕಾಣುತ್ತಿರಲಿಲ್ಲ. ಮೊದಲು ನಾವು ಮಂಜು ಎಂದುಕೊಂಡೆವು. ನೀನು ಫೋನಿನಲ್ಲಿ ಯಾವುದೋ ಆ್ಯಪ್ ಹಾಕಿಕೊಂಡೆ, ಅದರಲ್ಲಿ ದಿನಾ ಕೆಂಪು ಮುಖದ ಗೊಂಬೆ ಮಾಸ್ಕ್ ಹಾಕಿಕೊಂಡು ಬರುತ್ತಿತ್ತು. ಕಟ್ಟಡದ ಧೂಳು, ಗಾಡಿಗಳ ಹೊಗೆ, ಸಮುದ್ರದ ಗಾಳಿ ಬೀಸುವುದು ಕಡಿಮೆಯಾಗಿ ಎಲ್ಲ ಊರ ಮೇಲೇ ಕೂತಿದೆ ಎಂದು ಟಿವಿಯಲ್ಲೂ ಹೇಳಿದರು. ನಮ್ಮ ಗೋಡೆಗೆ ಹತ್ತಿದಂತೆ ಅಣವೀರಪ್ಪನ ಭಟ್ಟಿ ಬೇರೆ, ಹಳೆಯ ಅಲ್ಯುಮಿನಿಯಂ ಪಾತ್ರೆ ಕರಗಿಸುವುದು. ನೀನು ಕೂಸಿಗಾಗಿ ಹೆದರಿದೆ. ನಾವಿಬ್ಬರೂ ಸೇರಿ ಇದ್ದ ಒಂದೇ ಕಿಟಕಿಗೆ ಪ್ಲಾಸ್ಟಿಕ್ ಹೊದಿಸಿ ಸುತ್ತ ಟೇಪು ಹಚ್ಚಿದೆವು. ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದೆವು. ಎಷ್ಟು ಜಾಣ್ಮೆಯ ಕೆಲಸ ಮಾಡಿದೆವು ಎಂದು ಇಬ್ಬರೂ ಚಹಾ ಕುಡಿದೆವು.

ಕಿಟಕಿ ಮುಚ್ಚಿದ ಮೇಲೂ ದಿನಾ ಹತ್ತು ಗಂಟೆಗೆ ಎರೆದು ಹೊಗೆ ಹಾಕುವುದು ನಿಲ್ಲಲಿಲ್ಲ. ಹೊರಗಿನ ಹೊಗೆ ವಿಷ, ನಮ್ಮ ಹೊಗೆ ಔಷಧ. ಹಾಗಂತ ನಾನು ತಿಳಿದಿದ್ದೆ. ನಾನು ತಿಳಿದದ್ದನ್ನು ನೀನೂ ತಿಳಿದೆ.

ಡಿಸೆಂಬರಿನಲ್ಲಿ ಆ ಹುಡುಗಿ ವೈಶಾಲಿ ಬಂದಳು, ಕಾಲೇಜಿನಿಂದ ಹವಾ ಅಳೆಯಲು. ಗಲ್ಲಿಯ ಹತ್ತು ಮನೆಗಳಲ್ಲಿ ಒಂದೊಂದು ಡಬ್ಬಿ ಇಡುತ್ತೇವೆ, ಕೂಸಿರುವ ಮನೆ ನಿಮ್ಮದೊಂದೇ ಎಂದು ಕೈ ಮುಗಿದಳು. ಟಿಫಿನ್ ಡಬ್ಬಿಯಷ್ಟು ಬಿಳಿ ಪೆಟ್ಟಿಗೆ, ಒಳಗೊಂದು ಪುಟ್ಟ ಫ್ಯಾನು. ಒಂದನ್ನು ಟ್ರಂಕಿನ ಮೇಲೆ ಇಟ್ಟಳು, ಇನ್ನೊಂದನ್ನು ಹೊರಗೆ ತಗಡಿನ ಕೆಳಗೆ ಕಟ್ಟಿದಳು. ಅದರ ಮೇಲೆ ಯಾವ ಅಂಕಿಯೂ ಕಾಣುತ್ತಿರಲಿಲ್ಲ, ನಿಮಿಷ ನಿಮಿಷದ ಲೆಕ್ಕ ಎಲ್ಲ ಒಳಗೇ ಬರೆದುಕೊಳ್ಳುತ್ತದಂತೆ, ಆಮೇಲೆ ತಿಳಿಸುತ್ತಾರಂತೆ. ಅದು ಸದಾ ಸಣ್ಣಗೆ ಝುಂಯ್ ಎನ್ನುತ್ತಿತ್ತು. ಅಮೋಲ್ ಆ ಸದ್ದಿನ ಕಡೆ ಕಣ್ಣು ತಿರುಗಿಸುತ್ತಿದ್ದ.

ಜನವರಿ ಹದಿಮೂರಕ್ಕೆ ನೀನು ಎದೆಹಾಲು ಕಟ್ಟಿ ಜ್ವರ ಬಂದು ಮಲಗಿದ್ದೆ. ಕೂಸಿಗೆ ಕೆಮ್ಮು ಏರಿತ್ತು. ನಾನೇ ಅವನನ್ನು ಕುಂಚಿಗೆ ಕಟ್ಟಿ, ಕಿವಿ ತಲೆ ಮುಚ್ಚಿ, ದವಾಖಾನೆಗೆ ಒಯ್ದೆ. ಬಂದು ಸಿರಪ್ ಬಾಟಲಿ ನಿನ್ನ ಕೈಗೆ ಕೊಟ್ಟು, ಬರೀ ಥಂಡಿ, ಗಾಬರಿ ಇಲ್ಲ ಎಂದೆ. ಹದಿನೇಳಕ್ಕೆ ಅವನ ಪಕ್ಕೆ ಎಳೆಯತೊಡಗಿತು, ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಹತ್ತೊಂಬತ್ತಕ್ಕೆ ಹೋದ. ಎಪ್ಪತ್ತೆಂಟು ದಿನದ ಕೂಸು. ನ್ಯುಮೋನಿಯಾ ಎಂದು ಬರೆದುಕೊಟ್ಟರು.

ಬರುವ ಭಾನುವಾರ ತಾರೀಖು ಹತ್ತೊಂಬತ್ತು. ಶ್ರೀಮಂತನಿಗೆ ಅದು ಹೊಳೆದಂತಿಲ್ಲ, ರಜೆ ಎಂದು ಆ ದಿನ ಗೊತ್ತು ಮಾಡಿದ್ದಾನೆ. ನಿನಗೆ ಹೊಳೆದೇ ಇರುತ್ತದೆ. ಬಾಯಿ ಬಿಟ್ಟು ಹೇಳಿಲ್ಲ ಅಷ್ಟೆ.

ಆಸ್ಪತ್ರೆಯಿಂದ ಖಾಲಿ ಕೈಯಲ್ಲಿ ಬಂದಾಗ ಖೋಲಿಯಲ್ಲಿ ಆ ಡಬ್ಬಿ ಝುಂಯ್ ಎನ್ನುತ್ತಲೇ ಇತ್ತು. ನನಗೆ ಕೂಸು ಮೂಗಿನಿಂದ ಉಸಿರೆಳೆದಂತೆ ಕೇಳಿಸಿತು. ಮರುವಾರ ವೈಶಾಲಿಯ ಕಾಲೇಜಿನಿಂದ ಯಾರೋ ಹುಡುಗ ಬಂದು ಅದನ್ನು ಒಯ್ದ. ಒಯ್ದು ಎರಡು ವರ್ಷವಾಯಿತು, ಸೋನಾಲಿ. ಟ್ರಂಕಿನ ಹತ್ತಿರ ಕೂತರೆ ಈಗಲೂ ಅದು ಕೇಳಿಸುತ್ತದೆ. ನಿನ್ನ ಅಪ್ಪನನ್ನು ಕೇಳಿದೆ, ನನಗೇನೂ ಕೇಳಿಸುವುದಿಲ್ಲ ಎಂದರು. ಅವರ ಕಿವಿಯನ್ನು ಸಾಕ್ಷಿ ಮಾಡಿಕೊಂಡು ಏನು ಮಾಡುವುದು!

೧೮ ಜನವರಿ, ಶನಿವಾರ

ನಾಳೆ ಶ್ರೀಮಂತ ಬರುತ್ತಾನೆ. ಇವತ್ತು ಮುಗಿಸಲೇಬೇಕು.

ಅಮೋಲ್ ಹೋದ ಮೇಲೆ ನಡೆದದ್ದು ನಿನಗೆ ಗೊತ್ತು. ಕೂಸನ್ನು ಕೊಂದದ್ದು ಅಣವೀರಪ್ಪನ ಭಟ್ಟಿ ಎಂದು ಶ್ರೀಮಂತ ಅಂದ, ಗಲ್ಲಿಯವರೆಲ್ಲ ಹೌದು ಎಂದರು. ಇಪ್ಪತ್ತು ಜನ ಸೇರಿ ಭಟ್ಟಿಗೆ ನೀರು ಸುರಿದರು. ನಾನು ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದೆ. ಅವನು ನಮ್ಮ ಕಡೆಯವನೇ, ನನ್ನನ್ನು ತಂಗಿ ಎಂದು ಕರೆಯುತ್ತಿದ್ದವನು. ಸಾಮಾನು ಕಟ್ಟಿಕೊಂಡು ಹೋಗುವ ದಿನ ಹೊಸ್ತಿಲಾಚೆ ನಿಂತು ಹೇಳಿದ: "ತಂಗಿ, ನನ್ನ ಹೊಗಿ ನಿನ್ನ ಕೂಸನ್ನ ತಿಂತು. ನಂದು ಬರೀ ಹೊಟ್ಟಿಪಾಡು ಇತ್ತವ್ವ, ಇಂಥಾದ್ದಾಗ್ತದಂತ ಗೊತ್ತಿರಲಿಲ್ಲ. ನನ್ನ ಮ್ಯಾಲ ಮಣ್ಣ ತೂರಬ್ಯಾಡ." ಅವತ್ತು ನಾನೂ ಅದನ್ನು ನಂಬಿದ್ದೆ. ಆಮೇಲೆ ಏಪ್ರಿಲಿನಲ್ಲಿ ನೀವು ಪಾರ್ಲೆಗೆ ಹೋದಿರಿ.

ಇನ್ನು ಮುಂದಿನದು ನಿನಗೆ ಗೊತ್ತಿಲ್ಲದ ಅರ್ಧ.

ಆ ವರ್ಷ ಜುಲೈಯಲ್ಲಿ, ಜೋರು ಮಳೆಯಲ್ಲಿ, ವೈಶಾಲಿ ಮನೆಗೊಂದು ಕಾಗದ ಹಂಚಲು ಬಂದಳು. ಕೂಸು ಎಲ್ಲಿ ಎಂದು ಕೇಳಿದಳು. ಹೇಳಿದೆ. ಪಾಪದ ಹುಡುಗಿ, ಕಾಗದ ವಾಪಸು ಚೀಲಕ್ಕೆ ಹಾಕಹೊರಟಳು. ನಾನೇ ಕೈ ಹಿಡಿದು ಕೂಡಿಸಿದೆ. ಟ್ರಂಕಿನ ಮೇಲೆ ಹರಡಿ ತೋರಿಸಿದಳು. ನೀಲಿ ಗೆರೆ ಹೊರಗಿನ ಹವಾ, ಕೆಂಪು ಗೆರೆ ನಮ್ಮ ಖೋಲಿಯದು. ಗೆರೆ ಮೇಲೆ ಹೋದಷ್ಟೂ ಹವಾ ಕೆಟ್ಟದ್ದು. ಅದು ಕಣ್ಣಿಗೆ ಕಾಣುವ ಧೂಳಲ್ಲವಂತೆ, ಒಂದು ಕೂದಲನ್ನು ಮೂವತ್ತು ಸೀಳು ಮಾಡಿದರೆ ಎಷ್ಟೋ ಅಷ್ಟು ಸಣ್ಣದು. ಮೂಗು ಅದನ್ನು ತಡೆಯುವುದಿಲ್ಲ, ಗಂಟಲು ತಡೆಯುವುದಿಲ್ಲ, ಸೀದಾ ಪುಪ್ಪುಸದ ತಳಕ್ಕೆ ಹೋಗಿ ಕೂಡುತ್ತದೆ, ಅಲ್ಲಿಂದ ನೆತ್ತರಿಗೂ ಇಳಿಯುತ್ತದೆ. ಕೂಸಿನ ಉಸಿರು ನಮ್ಮದಕ್ಕಿಂತ ಎರಡು ಪಟ್ಟು ಬೇಗ, ಅದಕ್ಕೇ ಅದರ ಮೈ ಅಳತೆಗೆ ನಮಗಿಂತ ಹೆಚ್ಚು ಎಳೆದುಕೊಳ್ಳುತ್ತದೆ. ಇಷ್ಟನ್ನೂ ಅವಳು ಮರಾಠಿಯಲ್ಲಿ ಸಾವಕಾಶ ತಿಳಿಸಿದಳು, ನಾನು ಒಳ್ಳೆ ಶಾಲೆಯ ಹುಡುಗಿಯ ಹಾಗೆ ತಲೆ ಆಡಿಸುತ್ತ ಕೂತಿದ್ದೆ.

ಆಮೇಲೆ ಅವಳು ಒಂದು ಕಡೆ ಬೆರಳಿಟ್ಟು ಕೇಳಿದಳು: "ಆಜಿ, ರೋಜ್ ದಹಾ ವಾಜತಾ ಇಥೇ ಕಾಯ್ ಹೋತಂ?"

ದಿನಾ ಹತ್ತು ಗಂಟೆಗೆ ಇಲ್ಲಿ ಏನಾಗುತ್ತದೆ? ಕೆಂಪು ಗೆರೆ ಬೆಳಿಗ್ಗೆ ಏಳಕ್ಕೆ ಒಂದು ದಿಬ್ಬ, ಸಂಜೆಗೆ ಒಂದು ದಿಬ್ಬ, ಅವು ಅಡಿಗೆಯವು. ಹತ್ತು ಗಂಟೆಗೆ ಮಾತ್ರ ಗುಡ್ಡ. ನೆಟ್ಟಗೆ ನಿಂತ ಗುಡ್ಡ. ಹೊರಗಿನ ನೀಲಿ ಗೆರೆ ಆಗ ನೂರ ಇಪ್ಪತ್ತರಲ್ಲಿದ್ದರೆ ಒಳಗಿನದು ಏಳುನೂರು ದಾಟಿತ್ತು. ಮಧ್ಯಾಹ್ನ ಎರಡರವರೆಗೂ ಅದು ಪೂರ್ತಿ ಇಳಿಯುತ್ತಿರಲಿಲ್ಲ. ನಾನು ದೇವರಿಗೆ ಲೋಬಾನ ಎಂದೆ. ಅವಳು ಬರೆದುಕೊಂಡಳು. ಕಿಟಕಿ ತೆರೆದಿರುತ್ತಿತ್ತೇ ಎಂದಳು. ನಾನು ಆ ಟೇಪು ತೋರಿಸಿದೆ, ಆಗಿನ್ನೂ ಕಿತ್ತಿರಲಿಲ್ಲ.

ಅವಳು ಎದ್ದು ಹೋಗಿ ಆ ಟೇಪಿನ ಮೇಲೆ ಬೆರಳಾಡಿಸಿದಳು. ಹೊರಗಿನ ಹವಾ ಕೆಟ್ಟಿದ್ದು ನಿಜವೇ, ಭಟ್ಟಿಯದೂ ಇದೆ, ಇಡೀ ಮುಂಬಯಿಯದೂ ಇದೆ, ಅದು ನಿಮ್ಮ ಕೈಯಲ್ಲಿಲ್ಲ ಎಂದಳು. ಆದರೆ ಮುಚ್ಚಿದ ಖೋಲಿಯೊಳಗೆ ಎಬ್ಬಿಸಿದ ಹೊಗೆಗೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ ಎಂದಳು. ನಾನು ಕೇಳಬಾರದ್ದನ್ನು ಕೇಳಿದೆ, ನನ್ನ ಮೊಮ್ಮಗ ಇದರಿಂದಲೇ ಹೋದನೇ ಎಂದು. ಒಂದು ಕೂಸು ಯಾವುದರಿಂದ ಹೋಯಿತು ಎಂದು ಈ ಡಬ್ಬಿ ಹೇಳಲಾರದು ಅಜ್ಜಿ, ಅದು ಹವಾ ಎಷ್ಟು ಕೆಟ್ಟಿತ್ತು ಎಂದಷ್ಟೇ ಹೇಳುತ್ತದೆ ಎಂದಳು. ದೊಡ್ಡ ಮನಸ್ಸು ಅವಳದು. ಆದರೆ ನನಗೆ ಓದಲು ಬರುತ್ತದಲ್ಲ. ಜನವರಿ ಹದಿನಾಲ್ಕರಿಂದ ದಿನಕ್ಕೆ ಎರಡು ಗುಡ್ಡ, ಬೆಳಿಗ್ಗೆ ಹತ್ತಕ್ಕೊಂದು, ಸಂಜೆ ಐದಕ್ಕೊಂದು. ಹದಿನೇಳರ ಸಂಜೆಯಿಂದ ಗುಡ್ಡವಿಲ್ಲ. ಹದಿನೆಂಟಕ್ಕೆ ಇಲ್ಲ, ಹತ್ತೊಂಬತ್ತಕ್ಕೆ ಇಲ್ಲ, ಆಮೇಲೆ ಕೊನೆಯವರೆಗೂ ಇಲ್ಲ. ಬಯಲಿಗೆ ಬಯಲು.

ಆ ಬಯಲು ನನ್ನ ಕಣ್ಣ ಮುಂದಿನಿಂದ ಹೋಗುವುದಿಲ್ಲ.

ಆವತ್ತಿನಿಂದ ನಾನು ಯಾರ ಕೂಸಿಗೂ ಹೊಗೆ ಹಾಕಿಲ್ಲ. ಎರೆಯಲು ಕರೆದವರಿಗೆ ಎಣ್ಣೆ ನೀರು ಅಷ್ಟೇ ಎಂದೆ. ಭಾಗವ್ವನಿಗೆ ವಯಸ್ಸಾಯಿತು, ಕೈಯಲ್ಲಿ ಕಸುವಿಲ್ಲ ಎಂದು ಒಂದೊಂದೇ ಮನೆ ಬಿಟ್ಟುಹೋಯಿತು. ಕೆಲಸ ಯಾಕೆ ಬಿಟ್ಟೆ ಎಂದು ನೀನು ಕೇಳಿದಾಗ ಮೊಣಕಾಲು ಎಂದಿದ್ದೆನಲ್ಲ, ಮೊಣಕಾಲಿಗೆ ಏನೂ ಆಗಿಲ್ಲ. ಆಮೇಲೆ ಇನ್ನೊಂದು ಹುಚ್ಚು ಹಿಡಿಯಿತು. ಹಳೆಯ ಮನೆಗಳನ್ನು ಹುಡುಕಿಕೊಂಡು ಹೋಗಿ, ನಾನು ಎರೆದ ಕೂಸುಗಳು ಹೇಗಿವೆ, ಕೆಮ್ಮು ಗಿಮ್ಮು ಇದೆಯೇ ಎಂದು ಕೇಳತೊಡಗಿದೆ. ಸಯನ್‌ನಲ್ಲಿ ಮಂಗಳೂರಿನವರ ಮನೆಯ ಪ್ರಣೀತಾ, ಈಗ ಕಾಲೇಜಿಗೆ ಹೋಗುತ್ತಾಳೆ, ಅವಳ ಬ್ಯಾಗಿನಲ್ಲಿ ಉಸಿರಿನ ಪಂಪ್ ಕಂಡೆ. ನನಗೆ ಅಲ್ಲೇ ಅಳು ಬಂತು. ಅವಳು ನಕ್ಕು ನನ್ನನ್ನು ಸೋಫಾದ ಮೇಲೆ ಕೂಡಿಸಿ, "ಅಜ್ಜಿ, ನಮ್ಮ ಕ್ಲಾಸಲ್ಲಿ ಸುಮಾರು ಜನರ ಹತ್ರ ಇದುಂಟು. ನೀವ್ಯಾಕೆ ಅಳೋದು?" ಎಂದಳು. ಅವಳ ತಾಯಿ ನನಗೆ ಕಾಫಿ ಕೊಟ್ಟು, ಬೇಗ ಮನೆಗೆ ಹೋಗಿ ರೆಸ್ಟ್ ಮಾಡಿ ಎಂದು ಬಾಗಿಲವರೆಗೆ ಬಂದಳು. ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಪ್ರಣೀತಾಳ ಪಂಪು ನನ್ನದೋ, ಈ ಊರಿನದೋ, ನನಗೆ ಯಾರು ಹೇಳುತ್ತಾರೆ?

ಹೋದ ತಿಂಗಳು ಸಯನ್ ಬಸ್ ಸ್ಟಾಪಿನಲ್ಲಿ ಅಣವೀರಪ್ಪ ಸಿಕ್ಕ. ಈಗ ವಸಾಯಿ ಕಡೆ ವಾಚ್‌ಮನ್ ಅಂತೆ. ನಿನಗೆ ಹೆಣ್ಣು ಕೂಸು ಆಗಿದ್ದು ಅವನಿಗೆ ತಿಳಿದಿತ್ತು. ಖುಷಿಪಟ್ಟ. ಆದರೆ ನನ್ನಿಂದ ನಾಲ್ಕು ಹೆಜ್ಜೆ ದೂರ ನಿಂತೇ ಮಾತಾಡಿದ, ತನ್ನ ಬಟ್ಟೆಯಲ್ಲಿ ಇನ್ನೂ ಆ ಹೊಗೆ ಇದೆಯೋ ಎಂಬ ಹಾಗೆ. "ಕೂಸು ಉಸರು ಛಲೋ ತಗೋತದಲ್ಲ ತಂಗಿ?" ಎಂದು ಎರಡು ಸಲ ಕೇಳಿದ. ಆಗ ನನಗೆ ಎಲ್ಲ ಗೊತ್ತಿತ್ತು. ಹೂಂ ಅಣ್ಣಾ ಎಂದೆ, ಬಸ್ಸು ಬಂತು, ಹತ್ತಿದೆ. ಸೀಟಿನಲ್ಲಿ ಕೂತಾಗ ಎಲ್ಲಿಂದಲೋ ಲೋಬಾನದ ವಾಸನೆ ಬಂತು. ಸುತ್ತ ನೋಡಿದೆ, ಯಾರ ಹತ್ತಿರವೂ ಏನೂ ಇರಲಿಲ್ಲ. ನನ್ನ ಸೆರಗನ್ನೇ ಮೂಸಿಕೊಂಡೆ, ಸೋಪಿನ ವಾಸನೆ ಇತ್ತು.

ಅದಕ್ಕೇ ವಾರ್ಡಿನ ಬಾಗಿಲಲ್ಲಿ ನಿಂತೆ, ಸೋನಾಲಿ. ಒಳಗೆ ಬಂದರೆ ಈ ಕೈ ಆ ಕೂಸನ್ನು ಎತ್ತಿಕೊಳ್ಳುತ್ತದೆ, ಎತ್ತಿಕೊಂಡರೆ ನೀನು ಅವ್ವಾ ಎರಿ ಎನ್ನುತ್ತೀ, ಎರೆದರೆ ಶೆಗಡಿ ತಾ ಎನ್ನುತ್ತೀ, ಆಗ ನಾನು ಬಾಯಿ ಬಿಡಬೇಕಾಗುತ್ತದೆ.

ನಾಳೆ ಶ್ರೀಮಂತನ ಜೊತೆ ಶೆಗಡಿ ಬರುವುದಿಲ್ಲ. ಇವತ್ತು ಮಧ್ಯಾಹ್ನ ಅದನ್ನು ನಿನ್ನ ಅಪ್ಪನೇ ಹಳೆಯ ಕಬ್ಬಿಣ ಕೊಳ್ಳುವ ಭಂಗಾರದ ಅಂಗಡಿಗೆ ಕೊಟ್ಟು ಬಂದರು. ನಿನ್ನ ಅಜ್ಜಿಯ ಸಾಮಾನು ಎಂದು ನೀನು ಬೈದರೆ ಬೈಯಿ. ಕೂಸಿನ ಖೋಲಿಯಲ್ಲಿ ಕೆಂಡ ಬೇಡ, ಲೋಬಾನ ಬೇಡ, ಊದಿನಕಡ್ಡಿ ಬೇಡ, ಸೊಳ್ಳೆ ಬತ್ತಿಯೂ ಬೇಡ. ಅಡಿಗೆ ಮಾಡುವಾಗ ಅವಳನ್ನು ಆಚೆ ಖೋಲಿಯಲ್ಲಿ ಮಲಗಿಸು. ಬೆಳಿಗ್ಗೆ ಹೊರಗೆ ಮಬ್ಬು ಕವಿದಿದ್ದರೆ ಕಿಟಕಿ ಮುಚ್ಚು, ಬಿಸಿಲೇರಿ ಹವಾ ತಿಳಿಯಾದ ಮೇಲೆ ತೆರೆ. ಟೇಪು ಮಾತ್ರ ಹಚ್ಚಬೇಡ. ಯಾರಾದರೂ ಹಿರಿಯರು ಬಂದು ಒಂದು ಸಲ ಹಾಕಿದರೆ ಏನೂ ಆಗುವುದಿಲ್ಲ ಎಂದರೆ, ಎರೆಯುವ ಭಾಗವ್ವನ ಮೊಮ್ಮಗಳು ಇವಳು, ಭಾಗವ್ವನೇ ಬೇಡ ಎಂದಿದ್ದಾಳೆ ಎನ್ನು. ನನ್ನ ಹೆಸರು ಅಷ್ಟಕ್ಕಾದರೂ ಬರಲಿ.

ಸೋಮವಾರ ನಾನು ವಸಾಯಿಗೆ ಹೋಗಿ ಅಣವೀರಪ್ಪನನ್ನು ಹುಡುಕುತ್ತೇನೆ. ಅವನಿಗೂ ಈ ಮಾತು ಸಲ್ಲಬೇಕು. ಶ್ರೀಮಂತನಿಗೆ ನೀನೇ ಓದಿ ಹೇಳು, ಅವನ ಸಿಟ್ಟು ನನ್ನ ಮೇಲೆಯೇ ಬರಲಿ.

ಕೂಸಿನ ಕೆಮ್ಮು ಇಳಿಯಲಿ, ನಿನ್ನ ಎದೆ ತುಂಬ ಹಾಲು ಬರಲಿ, ನಿನ್ನ ಮಗಳು ನಿನಗಿಂತ ದೊಡ್ಡ ದನಿಯಲ್ಲಿ ಅತ್ತು ಚಾಳಿನವರನ್ನೆಲ್ಲ ಎಬ್ಬಿಸಲಿ. ನೂರು ವರ್ಷ ಉಸಿರಾಡಲಿ.

ನಿನ್ನ ಅವ್ವ,
ಭಾಗವ್ವ ಸಾಯಬಣ್ಣ

ಮ.ವಿ.: ಸಹಿ ಮಾಡಿದ ಮೇಲೂ ಪೆನ್ನು ಕೆಳಗಿಡಲು ಆಗಲಿಲ್ಲ. ಮೇಲೆ ಬರೆದದ್ದನ್ನು ಓದಿದರೆ, ಅವ್ವನಿಗೆ ಪಾಪ ಗೊತ್ತಿರಲಿಲ್ಲ ಎಂದು ನೀನು ನನ್ನನ್ನು ಕ್ಷಮಿಸಿಬಿಡುತ್ತೀ. ಹಾಗಾಗಬಾರದು. ಹದಿಮೂರನೇ ತಾರೀಖು ದವಾಖಾನೆಯಲ್ಲಿ ಆ ಡಾಕ್ಟರ್ ಬಾಯಿಯವರು ಅಮೋಲನ ಕುಂಚಿಗೆ ಬಿಚ್ಚಿ ಅವನ ನೆತ್ತಿ ಮೂಸಿದರು. ಮೂಸಿ ನನ್ನ ಮುಖ ನೋಡಿ, "ಧುಂವಾ ದೇತೇ ಹೋ ಕ್ಯಾ ಇಸಕೋ?" ಎಂದರು, ಇವನಿಗೆ ಹೊಗೆ ಹಾಕುತ್ತೀರಾ ಎಂದು. ನಾನು ಇಲ್ಲ ಎಂದೆ. ಅವರು ನಂಬಲಿಲ್ಲ. ಇವನ ಎದೆ ಆಗಲೇ ಗೊರಗೊರ ಅನ್ನುತ್ತಿದೆ, ಇನ್ನು ಒಂದು ದಿನ ಹೊಗೆ ಕೊಟ್ಟರೂ ತಡೆಯಲಾರ, ಇವತ್ತೇ ನಿಲ್ಲಿಸಿ, ಕೂಸಿನ ತಾಯಿಗೂ ಹೇಳಿ ಎಂದು ಚೀಟಿಯಲ್ಲಿ ಹಿಂದಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು. ನಿನ್ನೆ ಮೊನ್ನೆ ಓದಿ ಬಂದ ಹುಡುಗಿ ಮುನ್ನೂರು ಕೂಸು ಎರೆದವಳಿಗೆ ಕಲಿಸುತ್ತಾಳೆ ಎಂದು ನನಗೆ ಮೈ ಉರಿಯಿತು. ಹಾದಿಯಲ್ಲಿ ಚೀಟಿ ಮಡಿಚಿ ಕುಂಚಿಗೆಯ ಒಳಗೆ ಸೇರಿಸಿದೆ. ಮನೆಗೆ ಬಂದಾಗ ನೀನು ಜ್ವರದಲ್ಲೇ ಕಣ್ಣು ತೆರೆದು, "ಅವ್ವಾ, ಹೊಗಿ ಹಾಕೂದು ನಡೀತದಂತೇನು?" ಎಂದು ಕೇಳಿದೆ. ನಡೆಯುತ್ತದಂತೆ, ಬೇಕಾದರೆ ಎರಡು ಹೊತ್ತು ಹಾಕಿ ಎಂದರು ಎಂದೆ. ಹದಿನಾಲ್ಕರಿಂದ ಎದ್ದ ಎರಡನೆಯ ಗುಡ್ಡ ಅದು. ಚೀಟಿ ಈ ಕಾಗದದ ಜೊತೆ ಇಟ್ಟಿದ್ದೇನೆ. ನನ್ನನ್ನು ಬಾ ಎನ್ನಬೇಕೋ ಬೇಡವೋ ನೀನು ನೋಡು, ನಾನು ಕೇಳುವುದಿಲ್ಲ. ಆದರೆ ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ನಿನ್ನ ಮಗಳ ನೆತ್ತಿ ಮೂಸು. ಹಾಲಿನ ವಾಸನೆ ಬರಬೇಕು, ಬೇರೆ ಯಾವುದೂ ಬರಬಾರದು.